ಜಿನಮತಿಯಮ್ಮನ ಬೆರಳು

ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲೂಕಿನಲ್ಲಿ ನನ್ನ ಕೈಗೆ ಸಿಕ್ಕಿಯೂ ಬಾಯಿ ಬಿಡದ ಶಾಸನ ಇರಲಿಲ್ಲ. ನಾನು ಬರುವುದನ್ನು ಕಂಡರೆ ಕೆಳದಿಯ ಕಲ್ಲುಗಳು ಗಂಟಲು ಸರಿಮಾಡಿಕೊಳ್ಳುತ್ತಿದ್ದವು. ಕಲ್ಲಿಗೆ ಒದ್ದೆ ಕಾಗದ ಅಂಟಿಸಿ, ಬಡಿದು, ಮಸಿ ಸವರಿ ಪಡಿಯಚ್ಚು ತೆಗೆದು ಓದುವುದು ನನ್ನ ಕೆಲಸ. ೧೯೩೩ರಲ್ಲಿ ಹೊಸನಗರದಾಚೆಯ ಒಂದು ಬಸದಿಯ ಮುಂದಿನ ಕಲ್ಲಿಗೆ ‘ಬರಹವಿಲ್ಲ’ ಎಂದು ಷರಾ ಬರೆದವನೂ ನಾನೇ.

ಆ ಕಲ್ಲನ್ನು ದಿನವೂ ತೊಳೆಯುತ್ತಿದ್ದವರು ಜಿನಮತಿಯಮ್ಮ. ಮಕ್ಕಳಿಲ್ಲದ ವಿಧವೆ, ಓದು ಬರಹ ಅರಿಯದವರು. ಕಲ್ಲಿನೊಳಗೆ ಹೆಂಗಸೊಬ್ಬಳಿದ್ದಾಳೆ, ಮಟಮಟ ಮಧ್ಯಾಹ್ನ ಅವಳ ಉಸಿರು ಕೇಳುತ್ತದೆ ಎಂದು ಊರವರು ಆ ದಾರಿಯನ್ನೇ ಬಿಟ್ಟಿದ್ದರು.

ಮರುವರ್ಷ, ನನ್ನ ಷರಾ ನಂಬಿ, ರಸ್ತೆ ಮೇಸ್ತ್ರಿ ದುಗ್ಗಪ್ಪ ಕಲ್ಲನ್ನು ಮೋರಿಗೆ ಹಾಸಲು ಗಾಡಿ ತಂದ. ಜಿನಮತಿಯಮ್ಮ ಅದನ್ನು ತಬ್ಬಿ ಕೂತುಬಿಟ್ಟರು. ನನಗೆ ಕರೆ ಬಂತು.

ಮತ್ತೆ ಬಡಿದೆ. ಕೊರೆದ ಅಕ್ಷರವಿದ್ದರೆ ಮಸಿ ತಾಗದೆ ಬೆಳ್ಳಗೆ ಉಳಿಯಬೇಕು; ಕಾಗದ ಕಾಡಿಗೆಯಂತೆ ಕಪ್ಪಗೆ ಬಂತು. ಅಲ್ಲಲ್ಲಿ ನಾಲ್ಕು ಬಿಳಿ ಗೀರು, ಅಷ್ಟೇ.

“ಇನ್ನೆಂತ ನೋಡೋದು ಸ್ವಾಮಿ? ಹಗ್ಗ ಬಿಗೀರೋ!” ಎಂದ ದುಗ್ಗಪ್ಪ.

“ತಡಿ ಮಾರಾಯ, ಇವತ್ತಿನ್ನೂ ತೊಳ್ದಿಲ್ಲ,” ಎಂದು ಜಿನಮತಿಯಮ್ಮ ನೀರು ಹುಯ್ದರು. ನುಣ್ಣನೆಯ ಕಲ್ಲಿನ ಮೇಲೆ ಅವರ ಬೆರಳು ಹೊರಟಿತು. ಸುತ್ತಿತು, ಇಳಿಯಿತು, ಸಾಲು ಮುಗಿಸಿ ಕೆಳಗಿನ ಸಾಲು ಹಿಡಿಯಿತು. ಬರೀ ತೊಳೆಯುವ ಬೆರಳು ಹೀಗೆ ಸಾಲು ಹಿಡಿಯುವುದಿಲ್ಲ. ನಾನು ಹಗ್ಗಕ್ಕೆ ಕೈ ಅಡ್ಡ ಹಿಡಿದೆ.

“ಅದನ್ನೇ ಈ ಮಣ್ಣಲ್ಲಿ ಮಾಡಿ ತೋರ್ಸಿ ಅಮ್ಮ.”

ಮಣ್ಣಿನಲ್ಲಿ ಮೂಡಿದ್ದು ಎಂಟುನೂರು ವರ್ಷದಿಂದ ಯಾರೂ ಬರೆಯದ ಅಕ್ಷರ: ಚಂದಬ್ಬೆ ಅನ್ನ ತೊರೆದು ದೇಹ ಬಿಟ್ಟಳು, ಮಗಳು ಈ ಕಲ್ಲು ನಿಲ್ಲಿಸಿದಳು. ಪಡಿಯಚ್ಚನ್ನು ಪಕ್ಕಕ್ಕಿಟ್ಟೆ. ನಾಲ್ಕು ಗೀರೂ ಅವರ ಬೆರಳು ತಿರುಗಿದ್ದಲ್ಲೇ ಇದ್ದವು. ಆಗ ಎದ್ದ ನನ್ನ ಮೈಕೂದಲು ಇವತ್ತಿಗೂ ಮಲಗಿಲ್ಲ. ಅಂಗಿಯನ್ನು ಆ ಕೂದಲಿಗೇ ತೂಗುಹಾಕುತ್ತೇನೆ.

“ಯಾರಮ್ಮ ಕಲಿಸಿದ್ದು?”

“ಪಾಚಿ ತೆಗೆಯೋದು ಅಮ್ಮ ಬೆರಳು ಹಿಡಿದು ಕಲಿಸಿದ್ರು. ಅವ್ರಿಗೆ ಅವ್ರಮ್ಮ. ಗೀರು ಸವೀತು, ಬೆರಳು ಬಿಡ್ಲಿಲ್ಲ. ಒಂದೊಂದ್ಸಲ ಒಳಗಿಂದ್ಲೇ ಯಾರೋ ಬೆರಳು ಹಿಡಿದು ಎಳೀತಾರೆ. ಬೆರಳು ಹಿಡಿದು ಕಲಿಸೋಕೆ ನಂಗೆ ಮಗಳಿಲ್ಲ. ಅದಕ್ಕೇ ಕಲ್ಲಾದ್ರೂ ಉಳೀಲಿ ಅಂತ ಕೂತೆ.”

ದುಗ್ಗಪ್ಪ ಚಪ್ಪಲಿ ಕಳಚಿ, ತಾನೇ ಹಗ್ಗ ಬಿಚ್ಚಿದ. ಗಾಡಿ ಬರಿದೇ ಹೋಯಿತು.

ನನಗೋ ಅವಮಾನ. “ಹೋದ ವರ್ಷವೇ ಒಂದು ಮಾತು ಹೇಳೋದಲ್ವಾ ಅಮ್ಮ?”

“ನೀವು ಕಲ್ಲನ್ನ ಬಡಿದು ಬಡಿದು ಕೇಳಿದ್ರಿ. ಪಕ್ಕದಲ್ಲೇ ಕೊಡಪಾನ ಹಿಡ್ಕೊಂಡು ನಿಂತೋಳನ್ನ ಒಂದ್ಸಲನಾದ್ರೂ ಕೇಳಿದ್ರಾ?”