ನನ್ನ ಸೋದರಮಾವ, ನನ್ನ ಡಿಪೆಂಡೆಂಟ್

ಬಚ್ಚಲಿಗೆ ಕಂಬಳಿ ಹಾಸುವ ಜನ ಇರುತ್ತಾರೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಇಂಗ್ಲೆಂಡಿಗೆ ಬಂದ ಮಾರನೆಯ ಬೆಳಿಗ್ಗೆ ಅಡುಗೆಮನೆಯಿಂದ ಒಂದು ದೊಡ್ಡ ಪಾತ್ರೆ ಎತ್ತಿಕೊಂಡು ಹೋಗಿ, ಚಾಮರಾಜನಗರದ ನಮ್ಮ ಮನೆಯ ಬಚ್ಚಲಲ್ಲಿ ನಿಲ್ಲುವ ಹಾಗೇ ನಿಂತು ತಲೆ ಮೇಲೆ ನೀರು ಹುಯ್ದುಕೊಂಡೆ. ಹುಯ್ದ ಮೇಲೆ ನೋಡಿದರೆ ನೆಲದಲ್ಲಿ ಮೋರಿಯೇ ಇಲ್ಲ! ನೀರೆಲ್ಲ ಗುಲಾಬಿ ಬಣ್ಣದ ಆ ಕಾರ್ಪೆಟ್ಟಿಗೆ ಇಳಿದು, ಅದರಡಿಯ ಹಲಗೆಗೆ ಇಳಿದು, ಕೆಳಗೆ ಟೀ ಕಾಸುತ್ತಿದ್ದ ಲಿಸ್ಸಿಯ ತಲೆ ಮೇಲೆ ತೊಟ್ಟಿಕ್ಕಿತು. ಅವಳು ಮಲಯಾಳದಲ್ಲಿ ಕಿರುಚಿದ್ದು ನನಗೆ ಪೂರ್ತಿ ಅರ್ಥವಾಯಿತು.

ಲಿಸ್ಸಿಯೂ ನನ್ನ ಹಾಗೆ ನರ್ಸು. ಎರಡು ಸಾವಿರದ ಇಸವಿ ಕಳೆದ ಮೊದಲ ವರ್ಷಗಳು ಅವು. ಇಲ್ಲಿನ ನರ್ಸಿಂಗ್ ಹೋಮ್‌ಗಳು ನಮ್ಮ ಕಡೆಯಿಂದ ನರ್ಸುಗಳನ್ನು ಕರೆಸಿಕೊಳ್ಳುತ್ತಿದ್ದವು. ನಾವಿಬ್ಬರೂ ಉತ್ತರದ ಒಂದು ಸಣ್ಣ ಪಟ್ಟಣಕ್ಕೆ, ವಯಸ್ಸಾದವರನ್ನು ನೋಡಿಕೊಳ್ಳುವ ಹೋಮಿಗೆ ವರ್ಕ್ ಪರ್ಮಿಟ್ ಮೇಲೆ ಬಂದಿದ್ದೆವು. ಅವಳದು ಸುಲ್ತಾನ್ ಬತ್ತೇರಿ. ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿ, ಮದ್ದೂರು ಚೆಕ್‌ಪೋಸ್ಟ್ ದಾಟಿ, ಕಾಡು ಮುಗಿಸಿದರೆ ಅವಳ ಊರು. ನಮ್ಮ ಕಡೆಯ ಟೊಮೇಟೊ, ಕೋಸು ತಿಂದು, ಓಣಂ ಹಬ್ಬಕ್ಕೆ ನಮ್ಮ ಹೊಲದ ಚೆಂಡುಹೂವು ಹಾಕಿ ಬೆಳೆದವಳು. ಊರಲ್ಲಿದ್ದಾಗ ಒಂದು ದಿನವೂ ಬತ್ತೇರಿ ನೋಡದ ನಾನು ಇಷ್ಟು ದೂರ ಬಂದು ಬತ್ತೇರಿಯವಳ ಜೊತೆ ಸಂಸಾರ ಹೂಡಿದೆ.

ಇಲ್ಲಿ ಟೀ ಅಂದರೆ ಸಂಜೆಯ ಊಟ. ಅದು ಗೊತ್ತಿಲ್ಲದೆ, ಟೀ ಟೀ ಅಂತ ಹಟ ಹಿಡಿದಿದ್ದ ಒಬ್ಬ ತಾತನಿಗೆ ಮೂರು ಲೋಟ ಟೀ ಕುಡಿಸಿ ಬೈಸಿಕೊಂಡೆ. ಬಸ್ಸಿನ ಡ್ರೈವರ್ ‘ಟಾ, ಲವ್’ ಅಂದಾಗ ಮುಖ ಸಿಂಡರಿಸಿಕೊಂಡು ಇಳಿದಿದ್ದೆ. ಆಮೇಲೆ ತಿಳಿಯಿತು, ‘ಟಾ’ ಅಂದರೆ ಥ್ಯಾಂಕ್ಸ್, ‘ಲವ್’ ಅಂದರೆ ನಮ್ಮ ‘ಅಮ್ಮಿ’, ‘ಕೂಸೇ’ ಇದ್ದಂತೆ, ಅಷ್ಟೆ. ಪಾಪದ ಮನುಷ್ಯ. ನಮ್ಮೂರಲ್ಲಿ ಬಸ್ಸು ಕೆಟ್ಟು ನಿಂತರೆ ಅರ್ಧ ಗಂಟೆಯಲ್ಲಿ ಪಕ್ಕದ ಸೀಟಿನವರ ನೆಂಟರಿಷ್ಟರೆಲ್ಲ ಪರಿಚಯವಾಗಿರುತ್ತಾರೆ. ಇಲ್ಲಿ ಎಲ್ಲರೂ ಲವ್ ಅನ್ನುತ್ತಾರೆ, ಯಾರೂ ಯಾರ ಮಗಳು ಅಂತ ಕೇಳುವುದಿಲ್ಲ. ಮೊದಮೊದಲು ಅದಕ್ಕೇ ಅಳು ಬರುತ್ತಿತ್ತು. ಪಾಲಕ್ ಸೊಪ್ಪಿನಲ್ಲಿ ಉಪ್ಸಾರು ಮಾಡಿ, ಖಾರ ನಾಲಿಗೆಗೆ ತಾಕಿದಾಗ ಕಣ್ಣಲ್ಲಿ ನೀರು ಬಂದರೆ ಮೆಣಸಿನಕಾಯಿ ಮೇಲೆ ತಪ್ಪು ಹೊರಿಸುತ್ತಿದ್ದೆ.

ಒಂದು ಭಾನುವಾರ ಲಿಸ್ಸಿ ನನ್ನ ಮದುವೆಯ ಫೋಟೊ ಕೈಗೆತ್ತಿಕೊಂಡು, ಗಂಡ ಏನು ಮಾಡುತ್ತಾನೆ ಎಂದು ಕೇಳಿದಳು.

“ಗುಂಡ್ಲುಪೇಟೆಯಲ್ಲಿ ಪಂಪ್‌ಸೆಟ್ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ನಮ್ಮವ್ವನ ತಮ್ಮ,” ಅಂದೆ, ಇವತ್ತು ಭಾನುವಾರ ಅನ್ನುವಷ್ಟು ಸಲೀಸಾಗಿ.

“ಅಯ್ಯೋ! ಸ್ವಂತಂ ಅಮ್ಮಾವನೋ?” ಅಮ್ಮಾವನ್ ಅಂದರೆ ಅವರ ಮಾತಿನಲ್ಲಿ ತಾಯಿಯ ಅಣ್ಣತಮ್ಮಂದಿರು. ಅವಳ ಕೈ ತಾನಾಗಿ ಹಣೆಯಿಂದ ಎದೆಗೆ ಇಳಿದು ಶಿಲುಬೆಯ ಗುರುತು ಮಾಡಿತು.

ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ಸೋದರಮಾವನಿದ್ದೂ ಹುಡುಗಿಯನ್ನು ಹೊರಗೆ ಕೊಟ್ಟರೆ, ಯಾಕೆ, ಹುಡುಗಿಯಲ್ಲೇನು ಐಬು ಅಂತ ಕೇಳುತ್ತಾರೆ. ಮಾದೇವ ಅವ್ವನ ಕೊನೆಯ ತಮ್ಮ, ನನಗಿಂತ ಒಂಬತ್ತು ವರ್ಷ ದೊಡ್ಡವನು. ಚಿಕ್ಕಂದಿನಿಂದ ಮಾವ ಅಂತಿದ್ದೆ, ತಾಳಿ ಕಟ್ಟಿದ ಮೇಲೂ ಮಾವ ಅಂತಲೇ ಅಂದೆ. ಬೇರೆ ಹುಡುಗಿಯರು ಮದುವೆಯಾಗಿ ಅಳುತ್ತಾ ಹೋದರೆ, ನಾನು ಬೇಸಿಗೆ ರಜೆಗೆ ಹೋಗುತ್ತಿದ್ದ ಅಜ್ಜಿ ಮನೆಗೇ ಸೊಸೆಯಾಗಿ ಹೋದೆ. ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಆ ಮನೆಯಲ್ಲಿ ಉಪ್ಪಿನ ಜಾಡಿ ಎಲ್ಲಿದೆ ಅಂತಲೂ ಯಾರೂ ತೋರಿಸಬೇಕಾಗಿರಲಿಲ್ಲ.

“ಯಾರಿಗೂ ಹೇಳಬೇಡ ಮಂಗಳಾ,” ಅಂದಳು ಲಿಸ್ಸಿ. “ಈ ದೇಶದಲ್ಲಿ ಅದು ಮದುವೆಯೇ ಅಲ್ಲ. ಗೊತ್ತಾದರೆ ಅವನಿಗೆ ವೀಸಾ ಕೊಡುತ್ತಾರಾ?”

ಆಗ ನಾವು ಮಾವನ ಡಿಪೆಂಡೆಂಟ್ ವೀಸಾಗೆ ಕಾಗದಪತ್ರ ಕೂಡಿಸುತ್ತಿದ್ದೆವು. ಕೆಲಸಕ್ಕೆ ಬಂದವರು ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳಬಹುದು, ಆದರೆ ಮದುವೆ ನಿಜವೆಂದು ತೋರಿಸಬೇಕು. ನೋಂದಣಿ ಪತ್ರದ ಜೊತೆಗೆ ಫೋಟೊ, ಲಗ್ನಪತ್ರಿಕೆ, ಅದರ ಇಂಗ್ಲಿಷ್ ಅನುವಾದ. ಲಗ್ನಪತ್ರಿಕೆಯನ್ನು ನೆನಪು ಮಾಡಿಕೊಂಡೆ. ಅದರ ಎಡಗಡೆ, ಲಿಂಗೈಕ್ಯ ಸಿದ್ದಪ್ಪನವರ ಮೊಮ್ಮಗಳು. ಬಲಗಡೆ, ಅದೇ ಸಿದ್ದಪ್ಪನವರ ಕಿರಿಯ ಪುತ್ರ. ನಮ್ಮ ತಾತ ಎರಡೂ ಕಡೆ ಮೆರೆಯುತ್ತಿದ್ದ. ಅವ್ವ ಹೆಮ್ಮೆಯಿಂದ ಹೇಳಿ ಹಾಕಿಸಿದ್ದಳು.

ಊರಿಗೆ ಫೋನು ಮಾಡಿ, ಗುಂಡ್ಲುಪೇಟೆಯ ಪ್ರೆಸ್ಸಿನಲ್ಲಿ ಬೇರೆ ಕಾರ್ಡು ಮಾಡಿಸು, ನನ್ನ ಕಡೆ ತಾತನ ಹೆಸರು ಬೇಡ ಅಂದೆ.

“ಯಾಕಮ್ಮಿ, ತಾತ ಏನ್ ತಪ್ ಮಾಡ್ದ?” ಅಂದ ಮಾವ. ವಿಷಯ ಹೇಳಿದೆ. “ಆಯ್ತು ಬುಡು, ಮಾಡುಸ್ತೀನಿ,” ಅಂದ.

ತವರಿಗೆ ಬಂದು ಪಕ್ಕದಲ್ಲೇ ಇದ್ದ ಅವ್ವ ಫೋನು ಕಿತ್ತುಕೊಂಡಳು. “ನಮ್ಮಪ್ಪನ ಹೆಸ್ರು ತಗುದ್ರ ನಿಂಗ ವೀಸ ಸಿಕ್ಕದ? ನಾಚ್ಕಂಡು ಬದುಕೋ ಅಂತದ್ದು ಏನ್ ಮಾಡಿದ್ದೀವಮ್ಮಿ ನಾವು?”

ನಿನಗೇನು ಗೊತ್ತು, ಸುಮ್ಮನಿರು ಅಂದುಬಿಟ್ಟೆ. ಇಂದಿಗೂ ಆ ಮಾತು ನೆನೆದರೆ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಮಾವ ಹೊಸ ಕಾರ್ಡು ಹಿಡಿದು, ಪುಣಜನೂರು ದಾಟಿ ಘಟ್ಟ ಇಳಿದು, ಸತ್ಯಮಂಗಲ, ಈರೋಡಿನ ಮೇಲೆ ಚೆನ್ನೈಯ ವೀಸಾ ಕಚೇರಿಗೆ ಸಂದರ್ಶನಕ್ಕೆ ಹೋದ. ಸಂಬಂಧಿಕರು ನೋಡಿ ಮಾಡಿದ ಮದುವೆ, ಅಷ್ಟೇ ಹೇಳು ಅಂತ ಗಿಳಿಗೆ ಕಲಿಸಿದ ಹಾಗೆ ಕಲಿಸಿದ್ದೆ. ಹೊರಗೆ ಬಂದವನು ಎಸ್‌ಟಿಡಿ ಬೂತಿನಿಂದ ಫೋನು ಮಾಡಿದ.

“ನಿಮ್ಮೆಂಡ್ತಿನ ಮೊದ್ಲು ನೋಡಿದ್ದು ಯಾವಾಗ ಅಂದ್ರು. ಅವ್ಳು ಹುಟ್ಟಿದ ದಿನ ಅಂದ್ಬುಟ್ಟೆ ಕಣಮ್ಮಿ.”

“ಅಯ್ಯೋ ಮಾವ, ಯಾಕ ಹಂಗಂದೆ?”

“ಇನ್ನೇನನ್ಲಿ? ನೋಡಿದ್ದೇ ಅವತ್ತು! ದೊಡ್ಡಾಸ್ಪತ್ರೇಲಿ ಬಟ್ಟೇಲಿ ಸುತ್ತಿ ನನ್ ಕೈಗ ಕೊಟ್ರು. ಅದು ಬಾಯಿಗ ಬಂದ್ಬುಡ್ತು.”

ಹಾಗಾದರೆ ಕಾರ್ಡಿನಲ್ಲಿ ಈ ನಂಟು ಯಾಕಿಲ್ಲ ಎಂದು ಅಧಿಕಾರಿ ಕೇಳಿದಾಗ ಮಾವ ತಲೆ ತಗ್ಗಿಸಿ ಕೂತನಂತೆ. ಕೆಲವು ವಾರಗಳಲ್ಲಿ ಪಾಸ್‌ಪೋರ್ಟು ಖಾಲಿ ವಾಪಸಾಯಿತು. ಕೊಟ್ಟ ದಾಖಲೆ ನಂಬುವಂತಿಲ್ಲ ಎಂದು ಬರೆದಿದ್ದರು. ತಪ್ಪು ಯಾರದೂ ಅಲ್ಲ, ನನ್ನದೇ. ಮಾವನ ಮೇಲೆ ಕೂಗಾಡಿದೆ, ಆಮೇಲೆ ಫೋನಿಟ್ಟು ಹೋಮಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಕೂತು ಅತ್ತೆ.

ಎರಡನೇ ಸಲ ಹಳೆಯ ಕಾರ್ಡನ್ನೇ ಇಟ್ಟೆವು. ಜೊತೆಗೆ ಎಲ್ಲವನ್ನೂ ವಿವರಿಸಿ ನಾನೊಂದು ಕಾಗದ ಬರೆಯಬೇಕಾಯಿತು. ನನ್ನ ಗಂಡ ನನ್ನ ತಾಯಿಯ ತಮ್ಮ: ಕನ್ನಡದಲ್ಲಿ ಎಷ್ಟು ತಣ್ಣಗಿದೆ ಈ ಮಾತು! ಇಂಗ್ಲಿಷಿನಲ್ಲಿ ಬರೆದು ಓದಿಕೊಂಡರೆ ಪೊಲೀಸ್ ಸ್ಟೇಷನ್ನಿನಲ್ಲಿ ತಪ್ಪೊಪ್ಪಿಗೆ ಬರೆದುಕೊಟ್ಟ ಹಾಗಿತ್ತು. ನಾಲ್ಕು ಸಲ ಹರಿದೆ. ಕೊನೆಗೆ, ಇದು ನಮ್ಮ ಜನರಲ್ಲಿ ತಲೆತಲಾಂತರದಿಂದ ಬಂದದ್ದು, ಹೆದರಿ ಮುಚ್ಚಿಟ್ಟಿದ್ದು ನನ್ನ ತಪ್ಪು, ನನ್ನ ಗಂಡನದಲ್ಲ ಎಂದು ಸೇರಿಸಿ ಸಹಿ ಹಾಕಿದೆ. ಮದುವೆ ನಡೆದ ಊರಿನ ಕಾನೂನು, ಪದ್ಧತಿ ಒಪ್ಪಿದ್ದರೆ ಸಾಕು ಎಂದು ಯಾರೋ ತಿಳಿದವರು ಧೈರ್ಯ ಹೇಳಿದ್ದರು. ಅದು ನಿಜವೋ, ಅಧಿಕಾರಿಯ ಒಳ್ಳೆಯತನವೋ, ವೀಸಾ ಬಂತು.

ಮಾವ ಬಂದ. ಎರಡು ಸ್ವೆಟರು ಒಂದರ ಮೇಲೊಂದು ಹಾಕಿಕೊಂಡು, ರಾಗಿಹಿಟ್ಟಿನ ಚೀಲವನ್ನು ಮಗುವಿನಂತೆ ಅಪ್ಪಿಕೊಂಡು ಬಂದ. ಪಾಸ್‌ಪೋರ್ಟಿನ ಚೀಟಿಯಲ್ಲಿ ಅವನನ್ನು ನನ್ನ ಅವಲಂಬಿತ ಅಂತ ಬರೆದಿತ್ತು. ನಾನು ಓದಿ ಹೇಳಿದರೆ ನಕ್ಕ. “ಸೊಂಟದ ಮ್ಯಾಲ ನಿನ್ನ ಹೊತ್ಕಂಡು ತಿರುಗ್ದೆ. ಈಗ ನಾನೇ ನಿನ್ ಸೊಂಟದ ಮ್ಯಾಲ ಕೂತಿವ್ನಿ ನೋಡು,” ಅಂದ. ನಕ್ಕನೇನೋ ಸರಿ, ಆದರೆ ಅಂಗಡಿ ಮುಚ್ಚಿ ಬಂದ ಗಂಡಸು ಹಗಲಿಡೀ ಕಿಟಕಿಯಲ್ಲಿ ಕೂತಿರುತ್ತಿದ್ದ. ಮೂರನೇ ತಿಂಗಳು ಮನೆ ಮಾಲೀಕರ ಬಟ್ಟೆ ಒಗೆಯುವ ಮಷೀನು ಕೆಟ್ಟಿತು. ಮಾವ ಅದರ ಮೋಟಾರು ಬಿಚ್ಚಿ ಹರಡಿಕೊಂಡ. ಮಾತೇ ಬೇಕಾಗಲಿಲ್ಲ, ಸಂಜೆಗೆ ಮಷೀನು ಗರಗರ ತಿರುಗಿತು. ಆ ಮಾಲೀಕರ ಮಾತಿನ ಮೇಲೆಯೇ ಒಂದು ರಿಪೇರಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು.

ಎಲ್ಲ ಸರಿಹೋಯಿತು ಅಂದುಕೊಳ್ಳುವಾಗ ನಾನು ಬಸುರಿಯಾದೆ. ಇಲ್ಲಿ ಬಸುರಿಯರನ್ನು ಮಿಡ್‌ವೈಫ್ ನೋಡಿಕೊಳ್ಳುತ್ತಾಳೆ, ನಮ್ಮ ಸೂಲಗಿತ್ತಿಯೇ, ಆದರೆ ಓದಿದವಳು. ಫಾರಮ್ಮು ತುಂಬುತ್ತಾ ಅವಳು, ನೀನೂ ನಿನ್ನ ಗಂಡನೂ ರಕ್ತಸಂಬಂಧಿಗಳೇ ಎಂದು ಕೇಳಿದಳು. ನಾನು ತಡವರಿಸಿದ್ದು ಕಂಡು, “ಕಸಿನ್ನಾ, ಲವ್?” ಅಂತ ತಾನೇ ದಾರಿ ತೋರಿಸಿದಳು. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಈ ಸಲ ನಾನು ನಿಜವನ್ನೇ ಹೇಳಿದೆ. ಅವಳ ಪೆನ್ನು ನಿಂತಿತು. ಅದಕ್ಕೆ ಫಾರಮ್ಮಿನಲ್ಲಿ ಜಾಗವಿರಲಿಲ್ಲ, ಅಂಚಿನಲ್ಲಿ ಕೈಯಲ್ಲಿ ಬರೆದುಕೊಂಡಳು.

ಆಮೇಲೆ ಬೇರೆ ಡಾಕ್ಟರು, ಬೇರೆ ಪರೀಕ್ಷೆಗಳು. ಡಾಕ್ಟರು ನಮ್ಮ ಮನೆತನದ ಗೆರೆಗಳನ್ನು ಕಾಗದದ ಮೇಲೆ ಎಳೆದರು. ಅದರಲ್ಲಿ ಅವ್ವನ ಅಕ್ಕ, ನಮ್ಮ ದೊಡ್ಡಮ್ಮನೂ ಬಂದಳು. ಅವಳನ್ನೂ ಸೋದರಮಾವನಿಗೇ ಕೊಟ್ಟಿದ್ದು, ಅವಳ ಎರಡು ಮಕ್ಕಳಿಗೆ ಹುಟ್ಟಿನಿಂದ ಕಿವಿ ಕೇಳಿಸದು. ನಾನು ನರ್ಸಿಂಗ್ ಓದಿದವಳು, ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದರೆ ಮಕ್ಕಳಿಗೆ ತೊಂದರೆ ಹೆಚ್ಚು ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕು ತೆಗೆದುಕೊಂಡವಳು. ಆದರೂ ದೊಡ್ಡಮ್ಮನ ಮನೆಗೂ ಆ ಪುಸ್ತಕಕ್ಕೂ ಒಂದು ದಿನವೂ ಗಂಟು ಹಾಕಿರಲಿಲ್ಲ! ಹೆರಿಗೆಯವರೆಗೂ ಹೆದರಿಕೊಂಡೇ ಇದ್ದೆ. ಲಿಸ್ಸಿಯ ಮೇಲೆ, ಮಿಡ್‌ವೈಫ್ ಮೇಲೆ, ಅವ್ವನ ಮೇಲೆ, ಏನೂ ಅರಿಯದೆ ನನ್ನ ಕಾಲೊತ್ತುತ್ತಿದ್ದ ಮಾವನ ಮೇಲೂ ಸಿಟ್ಟು ಬರುತ್ತಿತ್ತು. ಅವನ ಕೈ ಹಿಡಿದುಕೊಂಡರೇ ಆ ಸಿಟ್ಟು ಇಳಿಯುತ್ತಿದ್ದದ್ದು.

ಹೆಣ್ಣು ಮಗು ಹುಟ್ಟಿತು. ಕಿವಿ ಪರೀಕ್ಷೆ ಮಾಡಿದರು, ಚೆನ್ನಾಗಿ ಕೇಳಿಸುತ್ತಿತ್ತು. ಎಲ್ಲವೂ ಚೆನ್ನಾಗಿತ್ತು. ಮನೆಗೆ ಬಂದ ಬೆಳಿಗ್ಗೆ ಅವ್ವನಿಗೆ ಫೋನು ಮಾಡಿದೆ.

“ಹೆಣ್ಣಾ? ನಮ್ ದೇವ್ರು ಮಾದಪ್ಪ ಕಣ್ ಬುಟ್ಟ ಕಣವ್ವ!” ಅವ್ವನ ದನಿ ಹಿಗ್ಗಿನಿಂದ ಒಡೆಯಿತು. “ಹಂಗಾರ ನಮ್ಮ ಮಂಜುಗ ಹೆಂಡ್ತಿ ಹುಟ್ಟುದ್ಲು ಬುಡು!”

ಮಂಜು ನನ್ನ ಒಬ್ಬನೇ ತಮ್ಮ, ಆಗ ಪಿಯುಸಿ ಓದುತ್ತಿದ್ದ. ಹೆಣ್ಣು ಹುಟ್ಟಿದ ದಿನ ಹೀಗನ್ನದ ತಾಯಿ ನಮ್ಮ ಕಡೆ ಇದ್ದಾಳೆಯೇ? ನಾನು ಹುಟ್ಟಿದಾಗಲೂ ಯಾರೋ ಹೀಗೇ ನಗುತ್ತಾ ಅಂದಿದ್ದರು. ನಾನೂ ನಕ್ಕು ಸುಮ್ಮನಿರಬಹುದಿತ್ತು.

“ಬ್ಯಾಡ ಕಣವ್ವ. ತಮಾಸೆಗೂ ಅನ್ಬ್ಯಾಡ. ಇವಳನ್ನ ಮಂಜುಗ ಕೊಡಲ್ಲ.”

ಅವ್ವನ ದನಿಯಲ್ಲಿದ್ದ ಹಿಗ್ಗು ಇಳಿಯಿತು.

“ಹಂಗಾರ ನಿನ್ನ ನಮ್ಮ ಮಾದೇವುನ್ಗ ಕೊಟ್ಟದ್ದು ತಪ್ಪಾ ಕೂಸೇ?”

“ಇಲ್ಲ ಕಣವ್ವ,” ಅಂದೆ. ಯೋಚಿಸದೆ ಅಂದೆ. ಅದು ಸತ್ಯ.

“ನಿಂಗ ತಪ್ಪಲ್ದಿದ್ದು ನಿನ್ ಮಗಳ್ಗ ಯಾಕ ತಪ್ಪಾದದು?”

ಉತ್ತರ ನನಗೆ ಗೊತ್ತಿತ್ತು. ಡಾಕ್ಟರು ಗೆರೆ ಎಳೆದು ತೋರಿಸಿದ್ದರು. ಆದರೆ ಅವರು ಕೊಟ್ಟ ಮಾತೆಲ್ಲ ಇಂಗ್ಲಿಷಿನಲ್ಲಿತ್ತು, ಅದನ್ನು ಅವ್ವನ ಮಾತಿಗೆ ತಂದರೆ ನಿಮ್ಮ ಮನೆಯ ರಕ್ತ ಸರಿಯಿಲ್ಲ ಅಂತಾಗುತ್ತಿತ್ತು. ದೊಡ್ಡಮ್ಮನ ಮಕ್ಕಳ ಹೆಸರೆತ್ತಲು ಬಾಯಿ ಬರಲಿಲ್ಲ. ಅವ್ವ ಅಳತೊಡಗಿದಳು.

ಮಾವ ನನ್ನ ಕೈಯಿಂದ ಫೋನು ತೆಗೆದುಕೊಂಡು, “ಅಕ್ಕಾ,” ಅಂದ. “ಅಕ್ಕಾ, ಅಳ್ಬ್ಯಾಡ ಕಣಕ್ಕ,” ಅಂದ, ಅವನ ಕಣ್ಣಲ್ಲೂ ನೀರಿತ್ತು. ನಾನು ಮಗುವನ್ನು ಎತ್ತಿಕೊಂಡು ಪಕ್ಕದ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದೆ. ಅಕ್ಕ ತಮ್ಮ ಇಬ್ಬರೇ ಮಾತಾಡಿಕೊಳ್ಳಲಿ ಅಂತ. ಮದುವೆಯಾದಾಗಲೂ ನಾನು ಅವ್ವನ ಮನೆತನ ಬಿಟ್ಟಿರಲಿಲ್ಲ, ವಿಮಾನ ಹತ್ತಿದಾಗಲೂ ಬಿಟ್ಟಿರಲಿಲ್ಲ. ಬಿಟ್ಟಿದ್ದು ಆವತ್ತು ಬೆಳಿಗ್ಗೆ.