ಮೊಣಕೈ ನೋವಿನ ಪಿಚರ್

ಅಮೆರಿಕದ ಶ್ಯಾಂಟಿಲಿ ಊರಿನ ಬಸವಂತಪ್ಪನವರು ಬೇಸ್‌ಬಾಲ್ ಆಡುವುದು ಫೋನಿನಲ್ಲಿ, ಗತ್ತು ಮಾತ್ರ ತಂಡದ ಮಾಲೀಕರದ್ದು. ನಿಜವಾದ ಆಟಗಾರರನ್ನು ಆರಿಸಿಕೊಂಡು, ಅವರ ಆಟಕ್ಕೆ ತಾವು ಅಂಕ ಪಡೆಯುವ ಈ ಫ್ಯಾಂಟಸಿ ಲೀಗನ್ನು ಕಲಿಸಿದವಳು ಮಗಳು ಶ್ರಾವಣಿ. ಕೆಲಸಕ್ಕೆಂದು ಅಟ್ಲಾಂಟಾಕ್ಕೆ ಹೋಗುವ ಮುನ್ನ ಅವಳೇ ಒಬ್ಬ ಪಿಚರ್‌ನನ್ನು ಆರಿಸಿಕೊಟ್ಟಿದ್ದಳು. ಅವನು ಅದ್ಭುತವಾಗಿ ಚೆಂಡೆಸೆಯುತ್ತಿದ್ದ. ಎರಡು ಪಂದ್ಯವಾದರೆ ತಿಂಗಳುಗಟ್ಟಲೆ ಮೊಣಕೈ ಹಿಡಿದುಕೊಂಡು ಕೂರುತ್ತಿದ್ದ.

ಭಾನುವಾರವಾದರೆ ಅವಳ ಫೋನು.

"ಅಪ್ಪಾ, ನಮ್ಮ ಹುಡುಗ ಹೇಗಿದಾನೆ?"

"ಮತ್ತ ಮಲಗ್ಯಾನವ್ವ!"

"ಪಾಪ! ಅವನನ್ನ ಟ್ರೇಡ್ ಮಾಡಬೇಡ, ಪ್ಲೀಸ್!"

ಮೊಣಕೈಯಿಂದ ಶುರುವಾದ ಮಾತು ಅವಳ ಆಫೀಸಿನ ಜಗಳ, ಸೀದುಹೋದ ಸಾರಿನವರೆಗೂ ಹೋಗುತ್ತಿತ್ತು.

ಜುಲೈನಲ್ಲಿ ಅದೇ ಲೀಗಿನಲ್ಲಿದ್ದ ಗೆಳೆಯ ಪ್ರತಾಪ್ ತನ್ನ ಗಟ್ಟಿಮುಟ್ಟಾದ ಪಿಚರ್‌ನನ್ನು ಬದಲಿಗೆ ಕೊಡಲು ಒಪ್ಪಿದ. "ಭಾವನಾ ಬ್ಯಾರೆ, ಮ್ಯಾನೇಜ್‌ಮೆಂಟ್ ಬ್ಯಾರೆ" ಎಂದು ಹೆಂಡತಿಗೆ ಉಪದೇಶಿಸಿ ಬಸವಂತಪ್ಪನವರು ಅದಲುಬದಲು ಮಾಡಿಯೇಬಿಟ್ಟರು. ಸುದ್ದಿಗೆ ಶ್ರಾವಣಿ "ಓಕೆ" ಎಂದಷ್ಟೇ ಮೆಸೇಜು ಕಳಿಸಿದಳು.

ತಂಡ ಮೊದಲ ಸ್ಥಾನಕ್ಕೇರಿತು. ಆ ಭಾನುವಾರ ಫೋನು ಬರಲಿಲ್ಲ, ಮುಂದಿನ ಭಾನುವಾರವೂ ಇಲ್ಲ. ಕೊನೆಗೆ ಬಸವಂತಪ್ಪನವರು ತಾವೇ ಫೋನು ಮಾಡಿದರು.

"ಹೊಸಾಂವ ಭಾಳ ಛಲೋ ಆಡಾಕತ್ತಾನವ್ವ."

"ನೈಸ್, ಅಪ್ಪಾ. ಮತ್ತೆ?"



"ಅಲ್ಲಿ ಮಳಿ ಬಂತೇನವ್ವ?" ಎಂದರು ಬಸವಂತಪ್ಪನವರು.