ಆಚೆ ಬೀದಿಯಂತಿದ್ದ ಜೊಹೋರ್

ಜೊಹೋರ್ ಪರದೇಶ ಎಂಬುದನ್ನು ನನ್ನ ಅತ್ತೆ ಒಪ್ಪಿದ್ದೇ ಇಲ್ಲ. ಅವರು ಮದುವೆಯಾಗಿ ಮೈಸೂರಿನಿಂದ ಇಲ್ಲಿಗೆ, ಸಿಂಗಾಪುರಕ್ಕೆ, ಬಂದಾಗ ಜೊಹೋರ್, ಸಿಂಗಾಪುರ ಎರಡೂ ಮಲೇಷ್ಯಾದಲ್ಲೇ ಇದ್ದವು. ಸಮುದ್ರದ ಮೇಲಿನ ರಸ್ತೆ ದಾಟಿ ತರಕಾರಿ ತರುತ್ತಿದ್ದರಂತೆ. ಮರುವರ್ಷವೇ ಸಿಂಗಾಪುರ ಬೇರೆ ದೇಶವಾಯಿತು. ಮುಂದೆ ಮಾವ ಇಲ್ಲಿನ ಪೌರರಾದರು. ಅತ್ತೆ ಮಾತ್ರ ಭಾರತದ ಪಾಸ್‌ಪೋರ್ಟ್ ಬಿಡದೆ, ಕಾಯಂ ನಿವಾಸಿಯಾಗಿಯೇ ಉಳಿದರು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರಿದೆ, ಅದನ್ನು ಹೇಗೆ ಕೊಟ್ಟುಬಿಡಲಿ ಎನ್ನುತ್ತಿದ್ದರು.

ಗೌರಿ ಹಬ್ಬ ಬಂತೆಂದರೆ ಬಾಗಿನದ ಮೊರ ತರಲು ನಾವಿಬ್ಬರೂ ವುಡ್‌ಲ್ಯಾಂಡ್ಸ್‌ನಲ್ಲಿ ಬಸ್ಸು ಹತ್ತಿ ಜೊಹೋರಿಗೆ ಹೋಗಬೇಕು. ಮೊರ ಇಲ್ಲೇ ಲಿಟಲ್ ಇಂಡಿಯಾದ ಅಂಗಡಿಗಳಲ್ಲೂ ಸಿಗುತ್ತದೆ. ಆದರೆ ಅತ್ತೆ ಹಿಡಿದ ಮೊಲಕ್ಕೆ ಮೂರೇ ಕಾಲು. "ಅಲ್ಲಿನ ಮೊರ ಗಟ್ಟಿ ಕಣೆ. ಇಲ್ಲಿ ಆಚೆ ಬೀದಿಗೆ ಹೋಗ್ಬರೋಕೆ ಏನೇ ಕಷ್ಟ ನಿಂಗೆ?"

ಮಾವ ತೀರಿಕೊಂಡ ವರ್ಷ ನಮಗೆ ಹಬ್ಬವಿರಲಿಲ್ಲ. ವರ್ಷಾಬ್ದಿಕ ಮುಗಿದ ಮೇಲೆ ಬಂದ ಮೊದಲ ಗೌರಿಗೆ ಬಾಗಿನ ಕೊಡುವವಳು ನಾನೊಬ್ಬಳೇ ಆದರೂ, ಮೊರ ಆರಿಸಲು ತಾವೇ ಬರುತ್ತೇನೆಂದು ಅತ್ತೆ ಹೊರಟರು. ಗಡಿಯ ಕೌಂಟರಿನಲ್ಲಿ ಕೂತ ಹುಡುಗಿ ಅವರ ಪಾಸ್‌ಪೋರ್ಟ್ ನೋಡಿ, ಕಂಪ್ಯೂಟರ್ ನೋಡಿ, ನಮ್ಮನ್ನು ಪಕ್ಕಕ್ಕೆ ಕರೆದಳು.

ಕಾಯಂ ನಿವಾಸಿಗಳು ಹೊರಗೆ ಹೋಗಿ ಮರಳಿ ಬರಲು ರೀ-ಎಂಟ್ರಿ ಪರ್ಮಿಟ್ ಎಂಬುದೊಂದು ಬೇಕು. ಕೆಲವು ವರ್ಷಕ್ಕೊಮ್ಮೆ ಅದನ್ನು ಮಾವನೇ ರಿನ್ಯೂ ಮಾಡಿಸುತ್ತಿದ್ದರು. ಮಾಸಿಕಗಳನ್ನು ಒಂದೂ ತಪ್ಪಿಸದೆ ಮಾಡಿ, ವರ್ಷವಿಡೀ ಮನೆಗೆ ಹಬ್ಬ ಸೇರಿಸದೆ ಶಾಸ್ತ್ರ ಪಾಲಿಸಿದ ನಮಗೆ ಇದೊಂದು ಹೊಳೆಯಲೇ ಇಲ್ಲ. ಅವಧಿ ಮುಗಿದಿತ್ತು. ಈಗ ಗಡಿ ದಾಟಿದರೆ ಆಂಟಿಯ ಕಾಯಂ ವಾಸದ ಹಕ್ಕೇ ಹೋಗುತ್ತದೆ, ದಯವಿಟ್ಟು ಮನೆಗೆ ಹೋಗಿ ಎಂದಳು ಆ ಹುಡುಗಿ.

ಅತ್ತೆ ಅಲ್ಲೇ ಬೆಂಚಿನ ಮೇಲೆ ಕೂತರು. "ನನ್ನ ಮನೆಗೆ ಬರೋಕೆ ಪರ್ಮಿಟ್ಟಾ? ನಾನೇನು ಟೂರಿಸ್ಟಾ?"

ನನಗೆ ಸಿಟ್ಟು ನೆತ್ತಿಗೇರಿತ್ತು. ಯಾರ ಮೇಲೆ ಎಂದು ಗೊತ್ತಾಗಿದ್ದರೆ ನಾಲ್ಕು ಮಾತು ಬೈದಾದರೂ ಹಗುರಾಗುತ್ತಿದ್ದೆ. ಆ ಹುಡುಗಿಯನ್ನಂತೂ ಬೈಯುವಂತಿರಲಿಲ್ಲ, ಅವಳು ನಮ್ಮನ್ನು ಉಳಿಸಿದ್ದಳು.

ಸಂಜೆ ನನ್ನ ಗಂಡ ಎಂದಿನ ಹಾಡು ಶುರುಮಾಡಿದರು. "ಅಮ್ಮ, ಸಿಟಿಜನ್‌ಶಿಪ್‌ಗೆ ಅಪ್ಲೈ ಮಾಡ್ಬಿಡೋಣ. ಈ ತಲೆನೋವೇ ಇರಲ್ಲ."

"ಆಮೇಲೆ ಮೈಸೂರಿಗೆ ಹೋಗೋಕೆ?"

"ಅದಕ್ಕೊಂದು ಓಸಿಐ ಕಾರ್ಡ್ ಮಾಡಿಸಿದ್ರಾಯ್ತು."

"ಹುಟ್ಟಿದೂರಿಗೆ ಹೋಗೋಕೆ ಕಾರ್ಡು, ಬಾಳಿದೂರಿಗೆ ಬರೋಕೆ ಪರ್ಮಿಟ್ಟು. ಚೆನ್ನಾಗಿದೆ ಕಣೋ!" ಎಂದು ಅತ್ತೆ ಎದ್ದು ಒಳಗೆ ಹೋದರು.

ಪರ್ಮಿಟ್ಟೇನೋ ಕೆಲವು ವಾರಗಳಲ್ಲಿ ರಿನ್ಯೂ ಆಯಿತು, ಅದೂ ಐದು ವರ್ಷಕ್ಕೆ. ಎಲ್ಲ ಸರಿಹೋಯಿತು ಅಂದುಕೊಂಡು ನಾನು ಒಂದು ಭಾನುವಾರ ಜೊಹೋರಿಗೆ ಕರೆದೆ. ಮೊಣಕಾಲು ನೋವು ಎಂದರು. ಅದೇ ಸಂಜೆ ತಿಂಡಿ ಅಂಗಡಿಗಳಿರುವ ಹಾಕರ್ ಸೆಂಟರಿನವರೆಗೂ ನಡೆದು ಹೋಗಿ, ಕಾಫಿ ಕುಡಿದು ಬಂದರು. ಇನ್ನೊಂದು ಸಲ ಕರೆದಾಗ ಬಿಸಿಲು ಎಂದರು. ಸೊಸೆಯನ್ನೂ ಗಂಡನನ್ನೂ ಒಟ್ಟಿಗೆ ಗದರಿಸಿ ಬಾಳಿದ ಹೆಂಗಸು ಹೆದರಿದ್ದಾರೆಂದು ಅರ್ಥವಾಗಲು ನನಗೆ ಅಷ್ಟು ದಿನ ಬೇಕಾಯಿತು. ನಾನೂ ಇಲ್ಲಿ ಕಾಯಂ ನಿವಾಸಿಯೇ. ಆದರೆ ನನ್ನ ಪರ್ಮಿಟ್ಟಿನ ತಾರೀಕನ್ನು ಆಫೀಸಿನವರು ನೆನಪಿಸುತ್ತಾರೆ.

ಮೊನ್ನೆ ಮೈಸೂರಿನಿಂದ ಅತ್ತೆಯ ತಮ್ಮ ವಿಡಿಯೋ ಕಾಲ್ ಮಾಡಿದ್ದರು. ತವರಿನ ಕಡೆ ಉಳಿದಿರುವುದು ಅವರೊಬ್ಬರೇ. "ಅಕ್ಕ, ಪರ್ಮಿಟ್ ಬಂತಂತಲ್ಲ. ಮೊಮ್ಮಗನ ಮುಂಜಿಗೆ ಬಂದ್ಬಿಡು. ನೀನಿಲ್ದೆ ಏನು ಚೆನ್ನ?"

ಅತ್ತೆ ಹುಡುಗನಿಗೆ ಏನೇನು ಮಾಡಿಸಿದಿರಿ, ಅಡುಗೆಯವರು ಯಾರು ಎಂದೆಲ್ಲ ಕೇಳಿದರು. ಬರುತ್ತೇನೆ ಎಂದು ಮಾತ್ರ ಹೇಳಲಿಲ್ಲ. ತಮ್ಮ ಮತ್ತೆ ಒತ್ತಾಯ ಮಾಡಿದಾಗ ಸೆರಗಿನಿಂದ ಮುಖ ಒರೆಸಿಕೊಂಡರು.

"ಮುಂಜಿ ಮುಗಿಸ್ಕೊಂಡು ನೀನೇ ಇಲ್ಲಿಗೆ ಬಾರೋ. ನಿನಗಾದ್ರೆ ನಿನ್ನ ಮನೆಗೆ ವಾಪಸ್ ಹೋಗೋಕೆ ಯಾರನ್ನೂ ಕೇಳ್ಬೇಕಾಗಿಲ್ಲ."